ಗ್ರಿಫಿ, ಎಡ್ಗರ್, ಇಚಿರೊ: ಸಿಯಾಟಲ್ ಮ್ಯಾರಿನರ್ಸ್‌ನ ಅತಿ ದೊಡ್ಡ ಆಟಗಾರ ಯಾರು?

ಪ್ರಶ್ನೆ: ಸಾರ್, ನಾವು ಮೈಸೂರು ಕಡೆಯವರು. ಈಗ ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿದ್ದೇವೆ. ನನಗೆ ಕ್ರಿಕೆಟ್ ಬಿಟ್ಟು ಬೇರೆ ಆಟ ಗೊತ್ತಿರಲಿಲ್ಲ. ಮಗನ ದೆಸೆಯಿಂದ ಮ್ಯಾರಿನರ್ಸ್ ಬೇಸ್‌ಬಾಲ್ ನೋಡಲು ಶುರು ಮಾಡಿದೆ. ಈಗ ಎಲ್ಲಿ ಹೋದರೂ ಒಂದೇ ಜಗಳ: ಈ ತಂಡದ ಇತಿಹಾಸದಲ್ಲೇ ದೊಡ್ಡ ಆಟಗಾರ ಯಾರು? ಮಗ ಇಚಿರೊ ಅಂತಾನೆ. ಪಕ್ಕದ ಮನೆಯ ಹಿರಿಯರು ಕೆನ್ ಗ್ರಿಫಿ ಜೂನಿಯರ್ ಬಿಟ್ಟು ಇನ್ನೊಂದು ಹೆಸರು ಎತ್ತಲೇಬೇಡ ಅಂತಾರೆ, 'ಗ್ರಿಫಿ ಇಲ್ಲದಿದ್ದರೆ ಈ ಊರಲ್ಲಿ ಬೇಸ್‌ಬಾಲೇ ಇರುತ್ತಿರಲಿಲ್ಲ' ಅಂತಾರೆ. ಆಫೀಸಿನಲ್ಲಿ ಅಂಕಿಅಂಶ ಓದುವ ಒಬ್ಬರು ಎಡ್ಗರ್ ಮಾರ್ಟಿನೆಜ್ ಅಂತಾರೆ. ಯಾರದ್ದು ಸರಿ? ಇಚಿರೊ ಜಪಾನಿನಲ್ಲಿ ಹೊಡೆದದ್ದನ್ನೂ ಸೇರಿಸಿಕೊಳ್ಳಬೇಕಾ? ಕ್ರಿಕೆಟ್ ಗೊತ್ತಿರುವವನಿಗೆ ಅರ್ಥವಾಗುವ ಹಾಗೆ ಹೇಳಿ.

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಗ್ರಿಫಿಗೆ. ಆದರೆ ನಿಮ್ಮ ಪಕ್ಕದ ಮನೆಯವರು ಕೊಡುವ ಕಾರಣಕ್ಕಲ್ಲ. 'ಅವರಿಂದಲೇ ಸಿಯಾಟಲ್‌ನಲ್ಲಿ ಬೇಸ್‌ಬಾಲ್ ಉಳಿಯಿತು' ಅನ್ನುವುದು ಗ್ರಿಫಿ ಪರವಾದ ವಾದಗಳಲ್ಲಿ ಎಲ್ಲಕ್ಕಿಂತ ಜನಪ್ರಿಯ. ಎಲ್ಲಕ್ಕಿಂತ ಬಡಕಲು ಕೂಡ ಅದೇ. ನಿಮ್ಮ ಆಫೀಸಿನವರು ಗೆಲುವಿನ ತೀರಾ ಹತ್ತಿರ ಬಂದಿದ್ದಾರೆ. ನಿಮ್ಮ ಮಗನ ಇಚಿರೊಗೆ ನಾನು ಕೊಡುವುದು ಮೂರನೇ ಸ್ಥಾನ. ಅವನಿಗೆ ಕೋಪ ಬರುವ ಮೊದಲು ಕಾರಣವನ್ನೂ ಓದಿ ಹೇಳಿ.

ಈ ಜಗಳ ಸಿಯಾಟಲ್‌ನಲ್ಲಿ ಇಷ್ಟು ಜೋರಾಗಿರುವುದಕ್ಕೆ ಒಂದು ಕಾರಣ ಇದೆ. ತಂಡದ ಹತ್ತಿರ ಕಪ್ ಇಲ್ಲ. ಮ್ಯಾರಿನರ್ಸ್ ಶುರುವಾದದ್ದು 1977ರಲ್ಲಿ. ಮೊದಲ 14 ಸೀಸನ್‌ಗಳಲ್ಲಿ ಒಮ್ಮೆಯೂ ಸೋಲಿಗಿಂತ ಗೆಲುವು ಜಾಸ್ತಿ ಆಗಲಿಲ್ಲ. ಆ ಭಾಗ್ಯ ಬಂದದ್ದು 1991ರಲ್ಲಿ. ಇವತ್ತು ಇರುವ 30 ತಂಡಗಳಲ್ಲಿ ವರ್ಲ್ಡ್ ಸೀರೀಸ್, ಅಂದರೆ ಕಟ್ಟಕಡೆಯ ಫೈನಲ್ ಸರಣಿ, ಒಮ್ಮೆಯೂ ಆಡದ ತಂಡ ಇದೊಂದೇ. 2001ರಲ್ಲಿ 162 ಪಂದ್ಯಗಳಲ್ಲಿ 116 ಗೆದ್ದು 1906ರ ಶಿಕಾಗೊ ಕಬ್ಸ್ ದಾಖಲೆ ಸರಿಗಟ್ಟಿದರು. ಆಮೇಲೆ ಸೆಮಿಫೈನಲ್ ಸರಣಿಯಲ್ಲಿ ಯಾಂಕೀಸ್ ಕೈಲಿ ಸೋತರು. 2025ರಲ್ಲಿ ಒಂದೇ ಒಂದು ಗೆಲುವು ಬೇಕಿತ್ತು. ಏಳನೇ ಪಂದ್ಯದಲ್ಲಿ ಟೊರೊಂಟೊ ತಡೆಯಿತು. ಬೇರೆ ಊರುಗಳಲ್ಲಿ ಈ ತರದ ವಾದ ಎದ್ದರೆ ಯಾರೋ ಒಬ್ಬರು ಉಂಗುರದ ಲೆಕ್ಕ ಹೇಳಿ ಬಾಯಿ ಮುಚ್ಚಿಸುತ್ತಾರೆ. (ವರ್ಲ್ಡ್ ಸೀರೀಸ್ ಗೆದ್ದವರಿಗೆ ಅಲ್ಲಿ ಉಂಗುರ ಕೊಡುತ್ತಾರೆ.) ಸಿಯಾಟಲ್‌ನಲ್ಲಿ ಆ ದಾರಿ ಇಲ್ಲ. ಉಳಿದಿರುವುದು ಆಟಗಾರರು ಮಾತ್ರ.

ಇನ್ನೊಂದು ವಿಷಯ. ನೀವು ಕೇಳಿರುವುದು 'ಈ ತಂಡದ ಇತಿಹಾಸದಲ್ಲಿ' ಅಂತ. ಮ್ಯಾರಿನರ್ಸ್‌ಗೆ ಆಡಿದವರಲ್ಲಿ ಒಟ್ಟು ಬದುಕಿನಲ್ಲಿ ಯಾರು ದೊಡ್ಡವರಾದರು ಅನ್ನುವುದು ಬೇರೆ ಪ್ರಶ್ನೆ. ನಾನು ಲೆಕ್ಕಕ್ಕೆ ಹಿಡಿಯುವುದು ಈ ತಂಡದ ಅಂಗಿ ಹಾಕಿಕೊಂಡು ಮಾಡಿದ್ದನ್ನು ಮಾತ್ರ. ಬೇರೆ ಕಡೆ ಮಾಡಿದ್ದು ಬೇರೆ ಊರಿನವರ ಪಾಲು. ಈ ಒಂದು ನಿಯಮ ಹಾಕಿಕೊಂಡರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಉದಾಹರಣೆಗೆ ರ‍್ಯಾಂಡಿ ಜಾನ್ಸನ್. 6 ಅಡಿ 10 ಅಂಗುಲದ ಎಡಗೈ ಪಿಚರ್, ಅಂದರೆ ಚೆಂಡು ಎಸೆಯುವವರು, ನಮ್ಮ ಬೌಲರ್ ಹಾಗೆ. ಒಟ್ಟು ವೃತ್ತಿ ನೋಡಿದರೆ 303 ಗೆಲುವು, 4,875 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರನ್ನು ಔಟ್ ಮಾಡುವುದು). ಆ ಲೆಕ್ಕದಲ್ಲಿ ಬಹುಶಃ ಈ ಪಟ್ಟಿಯಲ್ಲಿ ಅವರೇ ಮೊದಲು. ಆದರೆ 1989ರಲ್ಲಿ ಸಿಯಾಟಲ್‌ಗೆ ಬಂದಾಗ ಅವರ ಚೆಂಡು ಎಲ್ಲಿ ಹೋಗುತ್ತದೆ ಅಂತ ಅವರಿಗೇ ಗೊತ್ತಿರುತ್ತಿರಲಿಲ್ಲ. 1990, 91, 92 ಮೂರೂ ವರ್ಷ ಅಮೆರಿಕನ್ ಲೀಗಿನಲ್ಲೇ (ತಂಡಗಳ ಎರಡು ಗುಂಪುಗಳಲ್ಲಿ ಮ್ಯಾರಿನರ್ಸ್ ಇರುವ ಗುಂಪು) ಅತಿ ಹೆಚ್ಚು ವಾಕ್ ಕೊಟ್ಟರು, ಅಂದರೆ ಚೆಂಡು ಹೊರಗೆ ಎಸೆದು ಬ್ಯಾಟರ್‌ಗೆ ಪುಕ್ಕಟೆ ದಾರಿ ಬಿಟ್ಟರು. 1993ರಲ್ಲಿ ಹಿಡಿತ ಸಿಕ್ಕಿತು, 308 ಸ್ಟ್ರೈಕ್‌ಔಟ್ ಆಯಿತು. 1995ರಲ್ಲಿ 18 ಗೆಲುವು, 2 ಸೋಲು. ತಂಡಕ್ಕೆ ಮೊದಲ ಸೈ ಯಂಗ್ ಪ್ರಶಸ್ತಿ (ಲೀಗಿನ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವುದು). 1998ರ ಜುಲೈನಲ್ಲಿ ಹ್ಯೂಸ್ಟನ್‌ಗೆ ಹೋದರು. ಅಲ್ಲಿಂದ ಅರಿಜೋನಾಗೆ ಹೋಗಿ 1999ರಿಂದ 2002ರವರೆಗೆ ಸತತ ನಾಲ್ಕು ಸೈ ಯಂಗ್, ಜೊತೆಗೆ ಒಂದು ವರ್ಲ್ಡ್ ಸೀರೀಸ್. ಅಂದರೆ ಕಲಿತದ್ದು ಸಿಯಾಟಲ್‌ನಲ್ಲಿ, ಫಲ ಉಂಡದ್ದು ಅರಿಜೋನಾ. ಹಾಲ್ ಆಫ್ ಫೇಮ್ (ಬೇಸ್‌ಬಾಲ್ ದಿಗ್ಗಜರ ಗೌರವ ಭವನ) ಫಲಕದಲ್ಲೂ ಅವರ ತಲೆ ಮೇಲೆ ಅರಿಜೋನಾ ಟೋಪಿಯೇ ಇದೆ.

ಅಲೆಕ್ಸ್ ರಾಡ್ರಿಗೆಸ್ ಹೆಸರನ್ನು ಯಾರಾದರೂ ಎತ್ತಬಹುದು. 1996ರಲ್ಲಿ, ಆಗಷ್ಟೇ 21 ತುಂಬಿದ ಹುಡುಗ, 0.358 ಸರಾಸರಿ ಹೊಡೆದು ಲೀಗಿಗೇ ಮೊದಲು ಬಂದರು. 1998ರಲ್ಲಿ 42 ಹೋಮ್ ರನ್, 46 ಸ್ಟೋಲನ್ ಬೇಸ್. (ಬೇಸ್ ಅಂದರೆ ಒಂದು ರನ್ನಿಗಾಗಿ ಸುತ್ತಬೇಕಾದ ನಾಲ್ಕು ತಾಣಗಳಲ್ಲಿ ಒಂದು. ಹೋಮ್ ರನ್ ನಮ್ಮ ಸಿಕ್ಸರ್ ತರ, ಹೊಡೆದವರೂ ಬೇಸ್‌ಗಳಲ್ಲಿ ನಿಂತವರೂ ಎಲ್ಲ ಸುತ್ತಿ ಬಂದು ತಲೆಗೊಂದು ರನ್ ಸೇರಿಸುತ್ತಾರೆ. ಹೊಡೆತಕ್ಕೆ ಕಾಯದೆ ಓಡಿ ಮುಂದಿನ ಬೇಸ್ ಹಿಡಿಯುವುದು ಸ್ಟೋಲನ್ ಬೇಸ್.) ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಪೂರ್ತಿ ಆಡಿದ್ದು ಐದು ಸೀಸನ್. ಆಮೇಲೆ 10 ವರ್ಷಕ್ಕೆ 25.2 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡು ಟೆಕ್ಸಸ್‌ಗೆ ಹೋದರು. ಅಲ್ಲಿದ್ದಾಗ ನಿಷೇಧಿತ ಮದ್ದು ತೆಗೆದುಕೊಂಡದ್ದನ್ನು 2009ರಲ್ಲಿ ಅವರೇ ಒಪ್ಪಿಕೊಂಡರು. ಸಿಯಾಟಲ್‌ನಲ್ಲಿ ಈ ಹೆಸರು ಹೇಳಿ ನೋಡಿ, ವಾದವೇ ಬೇಡ, ಮುಖ ನೋಡಿದರೆ ಸಾಕು.

ಇಲ್ಲಿಗೆ ನಿಮ್ಮ ಮೂವರೇ ಉಳಿದರು.

ಮುಂದೆ ಹೋಗುವ ಮೊದಲು ಎರಡು ಅಳತೆ ತಿಳಿದಿರಲಿ. ಬೇಸ್‌ಬಾಲ್‌ನಲ್ಲಿ ಹತ್ತು ಸಲಕ್ಕೆ ಮೂರು ಸಲ ಹಿಟ್ ಹೊಡೆದರೆ, ಅಂದರೆ ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟಿದರೆ, ದೊಡ್ಡ ಬ್ಯಾಟರ್. ಅದೇ 0.300 ಸರಾಸರಿ. ಆದರೆ ಪಿಚರ್ ನಾಲ್ಕು ಚೆಂಡು ಹೊರಗೆ ಎಸೆದರೆ ಬ್ಯಾಟರ್ ಸುಮ್ನೆ ಮೊದಲ ಬೇಸ್‌ಗೆ ನಡೆದುಹೋಗಬಹುದು. ಅದು ವಾಕ್. ಇದು ಸರಾಸರಿಯಲ್ಲಿ ಕಾಣುವುದೇ ಇಲ್ಲ. ಹಿಟ್, ವಾಕ್ ಎಲ್ಲ ಸೇರಿಸಿ, ಔಟಾಗದೆ ಬೇಸ್ ಮುಟ್ಟಿದ್ದು ಎಷ್ಟು ಸಲ ಅನ್ನುವುದಕ್ಕೆ ಆನ್‌ಬೇಸ್ ಪರ್ಸೆಂಟೇಜ್ ಅಂತ ಬೇರೆ ಲೆಕ್ಕ ಇದೆ. ಕ್ರಿಕೆಟ್ ನೋಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಔಟಾಗದೇ ಇರುವುದರ ಬೆಲೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಎರಡನೆಯದು 'ವಾರ್'. ಒಬ್ಬ ಆಟಗಾರನ ಬದಲು ಸುಲಭಕ್ಕೆ ಸಿಗುವ ಸಾಧಾರಣ ಆಟಗಾರನನ್ನು ಇಳಿಸಿದ್ದರೆ ತಂಡಕ್ಕೆ ಎಷ್ಟು ಗೆಲುವು ಕಡಿಮೆ ಆಗುತ್ತಿತ್ತು ಅನ್ನುವ ಅಂದಾಜು. ಬ್ಯಾಟಿಂಗ್, ಫೀಲ್ಡಿಂಗ್, ಓಟ ಎಲ್ಲ ಸೇರಿಸಿ, ಆ ಕಾಲಕ್ಕೂ ಆ ಮೈದಾನಕ್ಕೂ ತಕ್ಕಂತೆ ಕೂಡಿಸಿ ಕಳೆದು ಒಂದು ಸಂಖ್ಯೆ ಕೊಡುತ್ತಾರೆ. ದೇವರ ವಾಕ್ಯ ಅಲ್ಲ, ಆದರೆ ಮಾತು ಶುರು ಮಾಡಲು ಒಳ್ಳೆಯದು. ಬೇಸ್‌ಬಾಲ್ ರೆಫರೆನ್ಸ್ ತಾಣದವರ ಲೆಕ್ಕದಲ್ಲಿ, ಮ್ಯಾರಿನರ್ಸ್ ಅಂಗಿಯಲ್ಲಿ ಮಾತ್ರ, ಗ್ರಿಫಿ ಸುಮಾರು 70, ಎಡ್ಗರ್ ಸುಮಾರು 68, ಇಚಿರೊ 56ರ ಆಸುಪಾಸು. ನಿಮ್ಮ ಆಫೀಸಿನವರು ಯಾಕೆ ಪಟ್ಟು ಹಿಡಿದಿದ್ದಾರೆ ಅಂತ ಈಗ ಗೊತ್ತಾಯಿತಲ್ಲ? 70ಕ್ಕೂ 68ಕ್ಕೂ ನಡುವಿನ ಅಂತರ ಅಂತರವೇ ಅಲ್ಲ. ಈ ಅಳತೆಯ ತಪ್ಪುಒಪ್ಪು ಅದಕ್ಕಿಂತ ಜಾಸ್ತಿ ಇರುತ್ತದೆ.

ಹಾಗಾಗಿ ಎಡ್ಗರ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಸಿಯಾಟಲ್ ಹೊರಗೆ ಅವರಿಗೆ ಸಿಗಬೇಕಾದ ಮರ್ಯಾದೆ ತುಂಬಾ ತಡವಾಗಿ ಸಿಕ್ಕಿತು.

ಎಡ್ಗರ್ ಹುಟ್ಟಿದ್ದು ನ್ಯೂಯಾರ್ಕ್‌ನಲ್ಲಿ, ಬೆಳೆದದ್ದು ಪೋರ್ಟೊ ರಿಕೊದಲ್ಲಿ. 1987ರಿಂದ 2004ರವರೆಗೆ 18 ಸೀಸನ್, ಎಲ್ಲವೂ ಒಂದೇ ತಂಡಕ್ಕೆ. ಆದರೆ ಮೊದಲ ಮೂರು ವರ್ಷ ಅವರನ್ನು ಸರಿಯಾಗಿ ಆಡಿಸಲೇ ಇಲ್ಲ. 1988ರಲ್ಲಿ ಕೆಳಗಿನ ದರ್ಜೆಯ ಕ್ಯಾಲ್ಗರಿ ತಂಡದಲ್ಲಿ 0.363 ಹೊಡೆದು ಆ ಲೀಗಿನಲ್ಲೇ ಮೊದಲು ಬಂದರು. ಆದರೂ ಮೇಲೆ ಜಾಗ ಸಿಗಲಿಲ್ಲ. ಕಾಯಂ ಸ್ಥಾನ ಸಿಕ್ಕಿದ್ದು 1990ರಲ್ಲಿ, 27ನೇ ವಯಸ್ಸಿಗೆ. ಆ ವಯಸ್ಸಿಗೆ ಗ್ರಿಫಿ ಎಂವಿಪಿ, ಅಂದರೆ ಲೀಗಿನ ವರ್ಷದ ಅತ್ಯಮೂಲ್ಯ ಆಟಗಾರ, ಪ್ರಶಸ್ತಿ ಗೆದ್ದಾಗಿತ್ತು. ಸೋಲುವುದೇ ಕೆಲಸವಾಗಿದ್ದ ತಂಡವೊಂದು ಇಂಥ ಬ್ಯಾಟರನ್ನು ಕೆಳಗೆ ಕೂರಿಸಿಕೊಂಡಿತ್ತು ಅನ್ನುವುದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

1992ರಲ್ಲಿ 0.343 ಸರಾಸರಿಯೊಂದಿಗೆ ಅಮೆರಿಕನ್ ಲೀಗ್ ಬ್ಯಾಟಿಂಗ್ ಪಟ್ಟ ಗೆದ್ದರು. ಆಗ ಅವರು ಮೂರನೇ ಬೇಸ್ ಕಾಯುತ್ತಿದ್ದ ಫೀಲ್ಡರ್. 1993ರ ಸೀಸನ್ ಶುರುವಾಗುವ ಹೊತ್ತಿಗೆ ತೊಡೆಯ ಹಿಂದಿನ ಸ್ನಾಯುವಿಗೆ ಕೆಟ್ಟ ಪೆಟ್ಟು ಬಿತ್ತು. ಅಲ್ಲಿಂದ ನಿಧಾನಕ್ಕೆ ಡೆಸಿಗ್ನೇಟೆಡ್ ಹಿಟರ್ ಆದರು. ಅಂದರೆ ಪಿಚರ್ ಬದಲು ಬ್ಯಾಟ್ ಮಾತ್ರ ಮಾಡುವವರು, ಫೀಲ್ಡಿಂಗ್‌ಗೆ ಇಳಿಯುವುದಿಲ್ಲ. ನಮ್ಮ ಐಪಿಎಲ್‌ನಲ್ಲಿ 2023ರಿಂದ ಬಂದಿರುವ ಇಂಪ್ಯಾಕ್ಟ್ ಪ್ಲೇಯರ್‌ನ ದೂರದ ಅಣ್ಣ ಅಂದುಕೊಳ್ಳಿ. ಅಮೆರಿಕನ್ ಲೀಗಿನಲ್ಲಿ ಈ ನಿಯಮ 1973ರಿಂದ ಇದೆ.

ಆಮೇಲೆ ಎಡ್ಗರ್ ಏನು ಮಾಡಿದರು ನೋಡಿ. 1995ರಿಂದ 2001ರವರೆಗೆ ಏಳು ವರ್ಷ, ಪ್ರತಿ ವರ್ಷವೂ ಸರಾಸರಿ 0.300ರ ಮೇಲೆ, ಆನ್‌ಬೇಸ್ 0.400ರ ಮೇಲೆ. 1995ರಲ್ಲಿ 0.356 ಹೊಡೆದು ಇನ್ನೊಂದು ಬ್ಯಾಟಿಂಗ್ ಪಟ್ಟ. 2000ದಲ್ಲಿ, 37ನೇ ವಯಸ್ಸಿನಲ್ಲಿ, 145 ರನ್ ತಂದುಕೊಟ್ಟು ಲೀಗಿಗೇ ಮೊದಲು. ಒಟ್ಟು ವೃತ್ತಿಯಲ್ಲಿ ಸರಾಸರಿ 0.312, ಆನ್‌ಬೇಸ್ 0.418. ಗ್ರಿಫಿಯ ಆನ್‌ಬೇಸ್ 0.370, ಇಚಿರೊದ್ದು 0.355. ಇದನ್ನು ಹೀಗೆ ನೋಡಿ: ನೂರು ಸಲ ಬ್ಯಾಟ್ ಹಿಡಿದು ನಿಂತರೆ, ಇಚಿರೊಗಿಂತ ಎಡ್ಗರ್ ಆರು ಸಲ ಜಾಸ್ತಿ ಔಟಾಗದೆ ಉಳಿಯುತ್ತಿದ್ದರು. ಕಣ್ಣಿನ ಸ್ನಾಯುಗಳ ತೊಂದರೆ ಇದ್ದುದರಿಂದ ದಿನಾ ಕಣ್ಣಿನ ಕಸರತ್ತು ಮಾಡಿಕೊಂಡೇ ಇಷ್ಟೆಲ್ಲ ಆಡಿದರು. ಬರೀ ಬ್ಯಾಟಿಂಗ್ ಅಂತ ಕೇಳಿದ್ದರೆ ನನ್ನ ಉತ್ತರ ಎಡ್ಗರ್, ಯೋಚನೆಯೇ ಬೇಡ. ಯಾಂಕೀಸ್‌ನ ಮಾರಿಯಾನೊ ರಿವೆರಾ, ಕೊನೆಯ ಇನ್ನಿಂಗ್ಸ್ ಪಿಚರ್‌ಗಳಲ್ಲಿ ಎಲ್ಲರಿಗಿಂತ ದೊಡ್ಡವರು, ತಾವು ಎದುರಿಸಿದವರಲ್ಲಿ ಅತಿ ಕಷ್ಟದ ಬ್ಯಾಟರ್ ಎಡ್ಗರ್ ಅಂತ ಬಹಿರಂಗವಾಗಿಯೇ ಹೇಳಿದ್ದಾರೆ.

ಆದರೂ ಹಾಲ್ ಆಫ್ ಫೇಮ್ ಮತದಾರರು ಹತ್ತು ವರ್ಷ ಕಾಯಿಸಿದರು. 2010ರಲ್ಲಿ ಮೊದಲ ಸಲ ಸಿಕ್ಕಿದ್ದು 36.2% ಮತ, ಬೇಕಾದದ್ದು 75%. ಕೊನೆಯ ಅವಕಾಶದಲ್ಲಿ, 2019ರಲ್ಲಿ, 85.4% ಸಿಕ್ಕಿ ಒಳಗೆ ಹೋದರು. ಫೀಲ್ಡಿಂಗ್ ಮಾಡದವರು ಅರ್ಧ ಆಟಗಾರರು ಅನ್ನುವ ಭಾವನೆ ಅಷ್ಟು ಬಲವಾಗಿತ್ತು. 'ವಾರ್' ಲೆಕ್ಕ ಕೂಡ ಈ ಸ್ಥಾನದವರಿಗೆ ದೊಡ್ಡ ಕಡಿತ ಹಾಕುತ್ತದೆ. ಆ ಕಡಿತ ಆದ ಮೇಲೂ 68 ಉಳಿದಿದೆ ಅಂದರೆ ಬ್ಯಾಟ್ ಎಂಥದ್ದು ಅಂತ ಯೋಚಿಸಿ.

ಈಗ ನಿಮ್ಮ ಪಕ್ಕದ ಮನೆಯವರ ಮಾತಿಗೆ ಬರೋಣ. 'ಗ್ರಿಫಿ ಬೇಸ್‌ಬಾಲ್ ಉಳಿಸಿದರು.' ಈ ಕಥೆಯ ಬೇರು 1995ರಲ್ಲಿದೆ.

ಆಗ ಮ್ಯಾರಿನರ್ಸ್ ಆಡುತ್ತಿದ್ದದ್ದು ಕಿಂಗ್‌ಡೋಮ್ ಅನ್ನುವ ಕಾಂಕ್ರೀಟ್ ಗುಮ್ಮಟದೊಳಗೆ. ನೆಲಕ್ಕೆ ಪ್ಲಾಸ್ಟಿಕ್ ಹುಲ್ಲು. ಹೊಸ ಸ್ಟೇಡಿಯಂ ಕಟ್ಟಿಕೊಡದಿದ್ದರೆ ತಂಡ ಮಾರುತ್ತೇವೆ ಅಂತ ಮಾಲೀಕರು ಕೂತಿದ್ದರು. ಅದಕ್ಕಾಗಿ ತೆರಿಗೆ ಹಾಕಬೇಕಾ ಅಂತ ಸೆಪ್ಟೆಂಬರ್‌ನಲ್ಲಿ ಕಿಂಗ್ ಕೌಂಟಿಯ ಜನರನ್ನು ಕೇಳಿದರು. ಜನ ಕೂದಲೆಳೆಯಲ್ಲಿ ಬೇಡ ಅಂದರು. ಇತ್ತ ಮೈದಾನದಲ್ಲಿ ಬೇರೆಯದೇ ನಡೆಯುತ್ತಿತ್ತು. ಆಗಸ್ಟ್ ಶುರುವಿನಲ್ಲಿ ಕ್ಯಾಲಿಫೋರ್ನಿಯಾ ಏಂಜಲ್ಸ್‌ಗಿಂತ 13 ಪಂದ್ಯ ಹಿಂದಿದ್ದ ತಂಡ ಒಂದೊಂದೇ ಗೆಲ್ಲುತ್ತಾ ಬಂದು, ಸೀಸನ್ ಮುಗಿಯುವಾಗ ಸರಿಸಮಕ್ಕೆ ನಿಂತಿತು. ತೀರ್ಮಾನಕ್ಕೆ ಅಂತ ಒಂದೇ ಪಂದ್ಯ. ಜಾನ್ಸನ್ ಪೂರ್ತಿ ಒಂಬತ್ತು ಇನ್ನಿಂಗ್ಸ್ ಎಸೆದರು, 12 ಸ್ಟ್ರೈಕ್‌ಔಟ್, 9-1.

ಮುಂದಿನ ಸರಣಿ ಯಾಂಕೀಸ್ ಜೊತೆ, ಐದು ಪಂದ್ಯದ್ದು. ಮೊದಲ ಎರಡು ಸೋತರು. ಮೂರನೆಯದನ್ನು ಜಾನ್ಸನ್ ಗೆಲ್ಲಿಸಿಕೊಟ್ಟರು. ನಾಲ್ಕನೆಯದರಲ್ಲಿ ಎಡ್ಗರ್ ಎರಡು ಹೋಮ್ ರನ್ ಹೊಡೆದರು, ಒಂದು ಮೂರು ರನ್ನಿನದು, ಇನ್ನೊಂದು ನಾಲ್ಕು ರನ್ನಿನದು. ಅಕ್ಟೋಬರ್ 8ರಂದು ಐದನೇ ಪಂದ್ಯ. ಒಂದೇ ದಿನ ವಿಶ್ರಾಂತಿ ಪಡೆದಿದ್ದ ಜಾನ್ಸನ್ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಮತ್ತೆ ಚೆಂಡು ಹಿಡಿದು ಬಂದರು. ಹನ್ನೊಂದನೇ ಇನ್ನಿಂಗ್ಸ್‌ನಲ್ಲಿ ಯಾಂಕೀಸ್ 5-4 ಮುಂದೆ. ಜೋಯಿ ಕೋರಾ ಬಂಟ್ ಮಾಡಿ (ಚೆಂಡನ್ನು ಮೆಲ್ಲಗೆ ತಡೆದು) ಓಡಿ ಬೇಸ್ ಮುಟ್ಟಿದರು. ಗ್ರಿಫಿ ಹಿಟ್ ಹೊಡೆದರು. ಆಮೇಲೆ ಎಡ್ಗರ್ ಎಡ ಗೆರೆಗುಂಟ ಡಬಲ್, ಅಂದರೆ ಎರಡನೇ ಬೇಸ್‌ವರೆಗೆ ಓಡಬಹುದಾದ ಹೊಡೆತ, ಹೊಡೆದರು. ಕೋರಾ ಬಂದರು, ಸ್ಕೋರು ಸಮ. ಗ್ರಿಫಿ ಮೊದಲ ಬೇಸ್‌ನಿಂದ ಎಲ್ಲೂ ನಿಲ್ಲದೆ ಓಡಿ ಕೊನೆಯ ಬೇಸ್ ಆದ ಹೋಮ್ ಪ್ಲೇಟ್‌ಗೆ ಜಾರಿದರು. 6-5. ಆಟಗಾರರೆಲ್ಲ ಮೇಲೆ ಬಿದ್ದ ರಾಶಿಯ ಅಡಿಯಿಂದ ಗ್ರಿಫಿ ನಗುತ್ತಾ ಇಣುಕುವ ಫೋಟೋ ಸಿಯಾಟಲ್‌ನಲ್ಲಿ ಎಲ್ಲೆಲ್ಲೂ ಕಾಣುತ್ತದೆ. ಕೆಲವೇ ದಿನಗಳಲ್ಲಿ ರಾಜ್ಯದ ಶಾಸಕರು ವಿಶೇಷ ಅಧಿವೇಶನದಲ್ಲಿ ಸ್ಟೇಡಿಯಂಗೆ ಹಣದ ದಾರಿ ಮಾಡಿಕೊಟ್ಟರು. 1999ರ ಜುಲೈನಲ್ಲಿ ಈಗಿನ ಮೈದಾನ ತೆರೆಯಿತು.

ಕಥೆ ಸೊಗಸಾಗಿದೆ, ನಿಜವೂ ಹೌದು. ಆದರೆ ಇದರಲ್ಲಿ ಗ್ರಿಫಿಯ ಪಾಲು ಎಷ್ಟು? ಆ ವರ್ಷ ಮೇ ತಿಂಗಳಲ್ಲಿ ಕ್ಯಾಚ್ ಹಿಡಿಯಲು ಹೋಗಿ ಗೋಡೆಗೆ ಬಡಿದು ಮಣಿಕಟ್ಟು ಮುರಿದುಕೊಂಡರು. ಆಡಿದ್ದು 72 ಪಂದ್ಯ ಮಾತ್ರ, 17 ಹೋಮ್ ರನ್. ಅವರಿಲ್ಲದ ತಿಂಗಳುಗಳಲ್ಲಿ ತಂಡ ಮುಳುಗದಂತೆ ನೋಡಿಕೊಂಡವರು ಎಡ್ಗರ್, ಜಾನ್ಸನ್, ಟಿನೊ ಮಾರ್ಟಿನೆಜ್, ಜೇ ಬ್ಯುನರ್. ಯಾಂಕೀಸ್ ಸರಣಿಯಲ್ಲಿ ಗ್ರಿಫಿ ಐದು ಹೋಮ್ ರನ್ ಹೊಡೆದದ್ದು ಖಂಡಿತ ದೊಡ್ಡದು. ಆದರೆ ಎಡ್ಗರ್ ಆ ಸರಣಿಯಲ್ಲಿ 21 ಸಲಕ್ಕೆ 12 ಹಿಟ್ ಹೊಡೆದಿದ್ದರು. ಫೋಟೋದಲ್ಲಿ ಇರುವುದು ಗ್ರಿಫಿ, ಚೆಂಡು ಹೊಡೆದದ್ದು ಎಡ್ಗರ್. ಊರಿನ ನೆನಪು ಫೋಟೋ ಜೊತೆ ಹೋಯಿತು. ಇನ್ನೂ ಒಂದು ಮಾತು. 1992ರಲ್ಲಿ ತಂಡ ಫ್ಲಾರಿಡಾದ ಟ್ಯಾಂಪಾ ಕಡೆ ಹೊರಟೇಬಿಟ್ಟಿತ್ತು. ಆಗ ತಡೆದದ್ದು ನಿಂಟೆಂಡೊ ಕಂಪನಿಯ ಹಿರೋಶಿ ಯಮೌಚಿ ಹಾಕಿದ ಹಣ. ಅವರಾದರೋ ತಾವು ಕೊಂಡ ತಂಡದ ಒಂದು ಪಂದ್ಯವನ್ನೂ ಮೈದಾನಕ್ಕೆ ಬಂದು ನೋಡಿದವರಲ್ಲ. 'ಉಳಿಸಿದವರು ಯಾರು' ಅನ್ನುವುದೇ ಅಳತೆಯಾದರೆ ಪ್ರಶಸ್ತಿ ಬ್ಯಾಟೇ ಹಿಡಿಯದವರಿಗೆ ಹೋಗುತ್ತದೆ!

ಇಚಿರೊ. ನಿಮ್ಮ ಮಗನ ಆಯ್ಕೆ ಹುಡುಗಾಟದ್ದಲ್ಲ, ಅದನ್ನು ಮೊದಲು ಹೇಳಬೇಕು. 2001ರಲ್ಲಿ, 27ನೇ ವಯಸ್ಸಿನಲ್ಲಿ, ಜಪಾನಿನಿಂದ ಬಂದರು. ಆವರೆಗೆ ಜಪಾನಿನಿಂದ ಬಂದು ಗೆದ್ದವರೆಲ್ಲ ಪಿಚರ್‌ಗಳು. ಈ ಸಣ್ಣ ಮೈಕಟ್ಟಿನ ಬ್ಯಾಟರ್ ಅಮೆರಿಕದ ವೇಗ ತಡೆಯುತ್ತಾರಾ ಅನ್ನುವ ಅನುಮಾನ ಎಲ್ಲರಿಗೂ ಇತ್ತು. ಬಂದ ವರ್ಷವೇ 242 ಹಿಟ್, 0.350 ಸರಾಸರಿ, 56 ಸ್ಟೋಲನ್ ಬೇಸ್. ವರ್ಷದ ಹೊಸಬ ಪ್ರಶಸ್ತಿ, ಎಂವಿಪಿ ಪ್ರಶಸ್ತಿ, ಎರಡೂ ಒಟ್ಟಿಗೆ. ಅವರಿಗಿಂತ ಮೊದಲು ಹಾಗೆ ಗೆದ್ದವರು 1975ರಲ್ಲಿ ಫ್ರೆಡ್ ಲಿನ್ ಒಬ್ಬರೇ. 2004ರಲ್ಲಿ 262 ಹಿಟ್ ಹೊಡೆದು, ಜಾರ್ಜ್ ಸಿಸ್ಲರ್ ಅವರ 1920ರ 257ರ ದಾಖಲೆ ಮುರಿದರು. 84 ವರ್ಷ ಯಾರೂ ಮುಟ್ಟದ ದಾಖಲೆ ಅದು. 2001ರಿಂದ 2010ರವರೆಗೆ ಹತ್ತು ವರ್ಷ, ಪ್ರತಿ ವರ್ಷವೂ 200ಕ್ಕೂ ಹೆಚ್ಚು ಹಿಟ್, ಪ್ರತಿ ವರ್ಷವೂ ಆಲ್‌ಸ್ಟಾರ್, ಪ್ರತಿ ವರ್ಷವೂ ಗೋಲ್ಡ್ ಗ್ಲವ್ (ಅತ್ಯುತ್ತಮ ಫೀಲ್ಡರ್‌ಗಳಿಗೆ ಕೊಡುವ ಪ್ರಶಸ್ತಿ). ಆ ಹತ್ತರಲ್ಲಿ ಐದು ವರ್ಷ ತಂಡಕ್ಕೆ ಗೆಲುವಿಗಿಂತ ಸೋಲೇ ಜಾಸ್ತಿ. ಊರಿನವರು ಮೈದಾನಕ್ಕೆ ಹೋಗಲು ಇದ್ದ ಕಾರಣ ಇವರೊಬ್ಬರೇ ಅನ್ನುವಂಥ ವರ್ಷಗಳು ಇದ್ದವು. 2025ರಲ್ಲಿ ಹಾಲ್ ಆಫ್ ಫೇಮ್‌ಗೆ 394 ಮತಗಳಲ್ಲಿ 393 ಬಿದ್ದವು. ಆ ಒಬ್ಬ ಪುಣ್ಯಾತ್ಮ ಯಾರು ಅಂತ ಜನ ಇನ್ನೂ ಕೇಳುತ್ತಿದ್ದಾರೆ.

ಮತ್ತೆ ಮೂರನೇ ಸ್ಥಾನ ಯಾಕೆ? ಹಿಟ್‌ಗಳ ತೂಕದಿಂದ. 2004ರ ಆ 262ರಲ್ಲಿ 225 ಸಿಂಗಲ್. ಒಂದು ರನ್ನು, ಒಂದು ರನ್ನು ಅಂತ ನೂರು ಹೊಡೆಯುವುದಕ್ಕೂ ಬೌಂಡರಿಗಳಲ್ಲಿ ಹೊಡೆಯುವುದಕ್ಕೂ ಕ್ರಿಕೆಟ್‌ನಲ್ಲಿ ಸ್ಕೋರ್‌ಬೋರ್ಡ್ ಒಂದೇ. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಸಿಂಗಲ್ ಹೊಡೆದರೆ ರನ್ ಬಂದಂತಲ್ಲ, ಮೊದಲ ಬೇಸ್‌ನಲ್ಲಿ ನಿಂತ ಹಾಗೆ ಅಷ್ಟೇ. ಹಿಂದಿನವರು ಹೊಡೆಯಬೇಕು, ಆಗ ಮನೆ ಸೇರಬೇಕು. ಇಚಿರೊ ವಾಕ್ ತೆಗೆದುಕೊಂಡದ್ದೂ ಕಡಿಮೆ. ಚೆಂಡು ಹೊಡೆಯುವುದೇ ಅವರಿಗೆ ಇಷ್ಟ. ನೋಡುವವರಿಗೆ ಅದು ಹಬ್ಬ. ತಂಡದ ಲೆಕ್ಕದ ಪುಸ್ತಕದಲ್ಲಿ ಎಡ್ಗರ್ ಸುಮ್ಮನೆ ಬಿಟ್ಟ ಚೆಂಡಿಗೂ ಬೆಲೆ ಇತ್ತು.

ಜಪಾನಿನ ಲೆಕ್ಕದ ಬಗ್ಗೆ ಕೇಳಿದ್ದೀರಿ. ಒರಿಕ್ಸ್ ಬ್ಲೂವೇವ್ ತಂಡಕ್ಕೆ ಅವರು 1,278 ಹಿಟ್ ಹೊಡೆದಿದ್ದಾರೆ, 1994ರಿಂದ ಏಳು ವರ್ಷ ಸತತವಾಗಿ ಬ್ಯಾಟಿಂಗ್ ಪಟ್ಟ ಗೆದ್ದಿದ್ದಾರೆ. ಅಮೆರಿಕದ 3,089 ಸೇರಿಸಿದರೆ 4,367. ಪೀಟ್ ರೋಸ್ ಅವರ 4,256ಕ್ಕಿಂತ ಜಾಸ್ತಿ. ಇಚಿರೊ ಎಷ್ಟು ದೊಡ್ಡ ಬ್ಯಾಟರ್ ಅಂತ ಅಳೆಯುವಾಗ ಇದನ್ನು ಖಂಡಿತ ಹಿಡಿಯಬೇಕು. ಹಿಡಿಯಬಾರದು ಅನ್ನುವ ಅಮೆರಿಕನ್ನರ ಮಾತಿನಲ್ಲಿ ಸ್ವಲ್ಪ ಸೊಕ್ಕು ಇದೆ ಅಂತ ನನಗೆ ಅನಿಸುತ್ತದೆ. ಆದರೆ ಈ ಪ್ರಶ್ನೆಗೆ ಅದು ಬರುವುದಿಲ್ಲ. ಅಂಗಿಯ ನಿಯಮ ಜಾನ್ಸನ್‌ಗೆ ಹಾಕಿದ ಮೇಲೆ ಇಚಿರೊಗೂ ಹಾಕಲೇಬೇಕಲ್ವಾ? ಆ 1,278 ಒರಿಕ್ಸ್ ಪಾಲು.

ಅದೇ ನಿಯಮ ಗ್ರಿಫಿಗೂ. ಅವರ 630 ಹೋಮ್ ರನ್‌ಗಳಲ್ಲಿ ನಾವು ಎಣಿಸುವುದು 417 ಮಾತ್ರ.

ಅಷ್ಟೇ ಸಾಕು. ಗ್ರಿಫಿ ಪರವಾದ ನಿಜವಾದ ವಾದ ಒಂದು ಫೋಟೋದಲ್ಲಿ ಇಲ್ಲ, 1993ರಿಂದ 1999ರವರೆಗಿನ ಏಳು ವರ್ಷಗಳಲ್ಲಿ ಇದೆ. 45, 40, 17, 49, 56, 56, 48. ಇವು ಆ ಏಳು ವರ್ಷಗಳ ಹೋಮ್ ರನ್. ಕೂಡಿದರೆ 311. ಮಧ್ಯದ 17 ಕೈ ಮುರಿದ ವರ್ಷ. 40 ಬಂದದ್ದು 1994ರಲ್ಲಿ, ಆಟಗಾರರ ಮುಷ್ಕರದಿಂದ ಆಗಸ್ಟ್‌ನಲ್ಲೇ ಸೀಸನ್ ನಿಂತುಹೋದ ವರ್ಷ, ಅವರು ಆಡಿದ್ದು 111 ಪಂದ್ಯ. ಪೂರ್ತಿ ಆಡಿದ್ದರೆ ಎಷ್ಟಾಗುತ್ತಿತ್ತು ಅಂತ ನಾನು ಹೇಳಲು ಹೋಗುವುದಿಲ್ಲ, ಆ ಆಟಕ್ಕೆ ಕೊನೆಯಿಲ್ಲ. 1997ರಲ್ಲಿ 56 ಹೋಮ್ ರನ್, 147 ರನ್ ತಂದುಕೊಟ್ಟು, ಒಂದು ಮತವೂ ತಪ್ಪದೆ ಎಂವಿಪಿ ಆದರು.

ಇದನ್ನೆಲ್ಲ ಮಾಡಿದ್ದು ಬ್ಯಾಟ್ ಮಾತ್ರ ಹಿಡಿದು ಕೂತ ಆಟಗಾರ ಅಲ್ಲ, ಸೆಂಟರ್ ಫೀಲ್ಡರ್. ಅದೇ ಮುಖ್ಯ. ಔಟ್‌ಫೀಲ್ಡ್‌ನಲ್ಲಿ ಅತಿ ಹೆಚ್ಚು ನೆಲ ಕಾಯಬೇಕಾದ ಜಾಗ ಅದು. ಎಡಕ್ಕೂ ಓಡಬೇಕು, ಬಲಕ್ಕೂ ಓಡಬೇಕು, ಬೆನ್ನು ತಿರುಗಿಸಿ ಗೋಡೆ ಕಡೆಗೂ ಓಡಬೇಕು. ಅಲ್ಲಿ ನಿಲ್ಲುವವರು ಕಾಲಿಗೆ ಹೆಸರಾದವರು, ಬ್ಯಾಟಿನಿಂದ ಇಷ್ಟು ನಿರೀಕ್ಷೆ ಯಾರೂ ಇಡುವುದಿಲ್ಲ. ಗ್ರಿಫಿ 1990ರಿಂದ 1999ರವರೆಗೆ ಅಲ್ಲೇ ನಿಂತು ಹತ್ತಕ್ಕೆ ಹತ್ತು ಗೋಲ್ಡ್ ಗ್ಲವ್ ತೆಗೆದುಕೊಂಡರು. ಅದೂ ಕಿಂಗ್‌ಡೋಮ್‌ನ ಆ ಗಟ್ಟಿ ಪ್ಲಾಸ್ಟಿಕ್ ಹುಲ್ಲಿನ ಮೇಲೆ. ಎಡ್ಗರ್ ಬ್ಯಾಟಿನಿಂದ ಕೊಟ್ಟದ್ದರ ಹತ್ತಿರ ಹತ್ತಿರ ಕೊಟ್ಟು, ಮೇಲೆ ಇದನ್ನೂ ಕೊಟ್ಟರು. ಇಚಿರೊ ರೈಟ್ ಫೀಲ್ಡ್‌ನಲ್ಲಿ ಕೊಟ್ಟಷ್ಟನ್ನೇ ಇನ್ನೂ ಕಷ್ಟದ ಜಾಗದಲ್ಲಿ ಕೊಟ್ಟು, ಮೇಲೆ ಹೋಮ್ ರನ್‌ಗಳನ್ನೂ ಕೊಟ್ಟರು. ಇಬ್ಬರ ಒಳ್ಳೆಯದೂ ಒಬ್ಬರಲ್ಲೇ ಇತ್ತು ಅನ್ನುವುದೇ ನನ್ನ ಉತ್ತರದ ಸಾರ.

ಆ 70ರಲ್ಲಿ ಇನ್ನೊಂದು ವಿಷಯ ಅಡಗಿದೆ. ಗ್ರಿಫಿ 2009ರಲ್ಲಿ ವಾಪಸ್ ಬಂದು ಒಂದು ಸೀಸನ್, ಮುಂದಿನದರಲ್ಲಿ ಸ್ವಲ್ಪ ದಿನ ಆಡಿದರು. ಅದು ಪ್ರೀತಿಗೆ ಬಂದದ್ದು, ಆಟಕ್ಕೆ ಹೆಚ್ಚೇನೂ ಸೇರಲಿಲ್ಲ. ಅಂದರೆ ಆ 70 ಹೆಚ್ಚುಕಡಿಮೆ ಪೂರ್ತಿ ಬಂದದ್ದು 1989ರಿಂದ 1999ರವರೆಗಿನ 11 ವರ್ಷಗಳಲ್ಲಿ, 19ರಿಂದ 29ರ ವಯಸ್ಸಿನೊಳಗೆ. ಎಡ್ಗರ್‌ಗೆ 68 ಮುಟ್ಟಲು 18 ಸೀಸನ್ ಬೇಕಾಯಿತು. ಸಂಖ್ಯೆ ಒಂದೇ ತರ ಕಂಡರೂ, ಗ್ರಿಫಿ ಇದ್ದಾಗ ಪ್ರತಿ ವರ್ಷ ತಂಡದ ಕೈಗೆ ಸಿಗುತ್ತಿದ್ದದ್ದು ಜಾಸ್ತಿ.

ಆ 11 ವರ್ಷದಲ್ಲಿ ಒಂದು ಸಂಗತಿಯನ್ನು ಅಂಕಿಅಂಶದ ಯಾವ ಕೋಷ್ಟಕವೂ ಹಿಡಿಯುವುದಿಲ್ಲ, ನಿಮ್ಮ ಮಗನಿಗೆ ಹೇಳಿ, ಖುಷಿಪಡುತ್ತಾನೆ. 1990ರಲ್ಲಿ ಗ್ರಿಫಿಯ ಅಪ್ಪ ಕೆನ್ ಗ್ರಿಫಿ ಸೀನಿಯರ್ ಅದೇ ತಂಡಕ್ಕೆ ಬಂದು ಸೇರಿದರು. ಸೆಪ್ಟೆಂಬರ್ 14ರಂದು ಅಪ್ಪ ಒಂದು ಹೋಮ್ ರನ್ ಹೊಡೆದರು. ಮುಂದೆ ಬ್ಯಾಟ್ ಹಿಡಿದು ಬಂದ ಮಗನೂ ಹೊಡೆದ.

ಗ್ರಿಫಿ ವಿರುದ್ಧ ಬರುವ ಆಕ್ಷೇಪಗಳಲ್ಲಿ ಒಂದು ಗಟ್ಟಿ ಇದೆ. ಅವರು ತಾವಾಗಿಯೇ ಕೇಳಿಕೊಂಡು ತಂಡ ಬಿಟ್ಟರು. ಫ್ಲಾರಿಡಾದಲ್ಲಿದ್ದ ಮನೆಯವರ ಹತ್ತಿರ ಇರಬೇಕು ಅಂತ ಹಟ ಹಿಡಿದು, 2000ದ ಫೆಬ್ರವರಿಯಲ್ಲಿ ಸಿನ್ಸಿನಾಟಿಗೆ ಹೋದರು. ಎಡ್ಗರ್ ಒಂದು ದಿನವೂ ಬೇರೆ ಅಂಗಿ ಹಾಕಲಿಲ್ಲ. ಸ್ಟೇಡಿಯಂ ಪಕ್ಕದ ರಸ್ತೆಗೆ ಅವರ ಹೆಸರಿದೆ, ಗ್ರಿಫಿ ಹಾಗೆ ಅವರಿಗೂ ಪ್ರತಿಮೆ ಇದೆ. 'ಊರಿನ ಅಚ್ಚುಮೆಚ್ಚು ಯಾರು' ಅಂತ ಕೇಳಿದ್ದರೆ ಈ ಮಾತು ತೂಗುತ್ತಿತ್ತು. ದೊಡ್ಡ ಆಟಗಾರ ಯಾರು ಅಂತ ಕೇಳಿದಾಗ, ಬಿಟ್ಟು ಹೋದ ಮೇಲಿನ ವರ್ಷಗಳನ್ನು ಎಣಿಸುವುದಿಲ್ಲ ಅನ್ನುವುದೇ ಆ ತಪ್ಪಿಗೆ ತಕ್ಕ ದಂಡ. ಅದನ್ನು ಆಗಲೇ ಹಾಕಿದ್ದೇವೆ, 213 ಹೋಮ್ ರನ್ ಕಳೆದಿದ್ದೇವೆ.

ಕಿಂಗ್‌ಡೋಮ್ ಬ್ಯಾಟರ್‌ಗಳಿಗೆ ಸಲೀಸಾದ ಮೈದಾನ, ಆಮೇಲಿನದು ಪಿಚರ್‌ಗಳ ಪರ, ಹಾಗಾಗಿ ಇಚಿರೊಗೆ ಅನ್ಯಾಯ ಅಂತಲೂ ಕೆಲವರು ಹೇಳುತ್ತಾರೆ. ಮಾತು ಸರಿ. ಆದರೆ 'ವಾರ್' ಆ ವ್ಯತ್ಯಾಸವನ್ನು ಆಗಲೇ ತೆಗೆದುಹಾಕಿರುತ್ತದೆ.

ಫೆಲಿಕ್ಸ್ ಹೆರ್ನಾಂಡೆಸ್ ಹೆಸರು ನಿಮ್ಮ ಪತ್ರದಲ್ಲಿ ಇಲ್ಲದಿದ್ದರೂ ಬಿಡಲು ಮನಸ್ಸಿಲ್ಲ. 2005ರಿಂದ 2019ರವರೆಗೆ, ಎಡ್ಗರ್ ಹಾಗೆ ಒಂದೇ ತಂಡಕ್ಕೆ ಆಡಿದ ಪಿಚರ್. 2012ರ ಆಗಸ್ಟ್ 15ರಂದು ಪರ್ಫೆಕ್ಟ್ ಗೇಮ್ ಎಸೆದರು, 27 ಜನ ಬಂದರು, 27 ಜನರೂ ಬೇಸ್ ಮುಟ್ಟದೆ ವಾಪಸ್ ಹೋದರು. 2010ರಲ್ಲಿ 13 ಗೆಲುವು, 12 ಸೋಲು ಇದ್ದರೂ ಸೈ ಯಂಗ್ ಸಿಕ್ಕಿತು. ತಂಡ ರನ್ ಹೊಡೆಯದಿದ್ದರೆ ಪಿಚರ್ ಏನು ಮಾಡಬೇಕು ಅಂತ ಮತದಾರರಿಗೆ ಆ ವರ್ಷ ಅರ್ಥವಾಯಿತು. ಅಷ್ಟು ವರ್ಷ ಆಡಿಯೂ ಒಂದು ಪ್ಲೇಆಫ್ ಪಂದ್ಯ ಎಸೆಯುವ ಅವಕಾಶ ಅವರಿಗೆ ಸಿಗಲಿಲ್ಲ. 2001ರ ನಂತರ ತಂಡ ಮತ್ತೆ ಪ್ಲೇಆಫ್ ಮುಟ್ಟಿದ್ದು 2022ರಲ್ಲಿ. ನನ್ನ ಪಟ್ಟಿಯಲ್ಲಿ ಅವರು ನಾಲ್ಕನೆಯವರು, ಜಾನ್ಸನ್‌ಗಿಂತ ಒಂದು ಮೆಟ್ಟಿಲು ಮೇಲೆ. ಇದನ್ನು ಕೇಳಿ ನಿಮ್ಮ ಪಕ್ಕದ ಮನೆಯವರು ಜಗಳಕ್ಕೆ ಬಂದರೆ ನನ್ನ ಹತ್ತಿರ ಕಳಿಸಿ.

ಕೊನೆಗೆ, ನಿಮ್ಮ ಮಗ ಈಗ ಕಣ್ಣಾರೆ ನೋಡುತ್ತಿರುವವರ ಬಗ್ಗೆ. ಕ್ಯಾಲ್ ರಾಲಿ 2025ರಲ್ಲಿ 60 ಹೋಮ್ ರನ್ ಹೊಡೆದು ಗ್ರಿಫಿಯ 56ರ ತಂಡದ ದಾಖಲೆ ಮುರಿದರು. ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಹಾಗೆ) ಒಬ್ಬರು ಇಷ್ಟು ಹೊಡೆದದ್ದು ಬೇಸ್‌ಬಾಲ್ ಇತಿಹಾಸದಲ್ಲೇ ಇಲ್ಲ. ಒಂದು ಸೀಸನ್ ಅಂತ ತೆಗೆದುಕೊಂಡರೆ ಅದು ಗ್ರಿಫಿಯ 1997ರ ಪಕ್ಕದಲ್ಲಿ ಕೂರುತ್ತದೆ. ಆದರೆ ದಿನಾ ಮೊಣಕಾಲು ಮಡಚಿ ಕೂತು ಏಳುವ ಕ್ಯಾಚರ್‌ಗಳು ಬೇಗ ಸವೆಯುತ್ತಾರೆ. ಅಂಥ ಹತ್ತು ವರ್ಷ ಅವರಿಂದ ಕೇಳುವುದು ದುರಾಸೆ. ಗ್ರಿಫಿ ಜಾಗಕ್ಕೆ ಕೈ ಹಾಕುವವರು ಯಾರಾದರೂ ಇದ್ದರೆ ಅದು ಹುಲಿಯೊ ರಾಡ್ರಿಗೆಸ್ ಅಂತ ನನ್ನ ಅಂದಾಜು. ಅವರೂ ಸೆಂಟರ್ ಫೀಲ್ಡರ್. 2022ರಲ್ಲಿ ವರ್ಷದ ಹೊಸಬ ಪ್ರಶಸ್ತಿ ಗೆದ್ದರು. 2023ರಲ್ಲಿ ಮತ್ತು 2025ರಲ್ಲಿ, ಎರಡು ಸಲ, 30 ಹೋಮ್ ರನ್, 30 ಸ್ಟೋಲನ್ ಬೇಸ್ ಎರಡನ್ನೂ ಮುಟ್ಟಿದರು. ಹುಟ್ಟಿದ್ದು 2000ದ ಡಿಸೆಂಬರ್ ಕೊನೆಯಲ್ಲಿ, ಮುಂದೆ ಇನ್ನೂ ಬೇಕಾದಷ್ಟು ವರ್ಷ ಇದೆ. ಪ್ರತಿ ಸೀಸನ್ ಶುರುವಿನಲ್ಲಿ ಮಂಕಾಗಿ, ಜುಲೈ ಬಂದ ಮೇಲೆ ಎಚ್ಚರವಾಗುವ ಅಭ್ಯಾಸ ಒಂದನ್ನು ಅವರು ಬಿಡಬೇಕು.